ತಾಳೆಯಾದ ಲೆಕ್ಕವೆಲ್ಲ ಸರಿಯಾದ ಲೆಕ್ಕವಲ್ಲ: ಹೊಸ ತಂತ್ರಾಂಶವನ್ನು ಪರೀಕ್ಷಿಸುವ ಬಗೆ



ಅಂಗಡಿಗೆ ಹೊಸ ತಕ್ಕಡಿ ತಂದ ದಿನ ನಾವು ಮೊದಲು ಮಾಡುವ ಕೆಲಸವೆಂದರೆ ಅದರ ಮೇಲೆ ಮುದ್ರೆಯುಳ್ಳ ತೂಕದ ಕಲ್ಲನ್ನು ಇಟ್ಟು ನೋಡುವುದು. ಹತ್ತು ಕಿಲೋ ಕಲ್ಲಿಗೆ ತಕ್ಕಡಿ ಹತ್ತು ಕಿಲೋ ತೋರಿಸಿದರೆ ಮಾತ್ರ ಅದರಲ್ಲಿ ತೊಗರಿ ತೂಗುತ್ತೇವೆ. ಆದರೆ ಇಡೀ ವ್ಯವಹಾರವನ್ನೇ ತೂಗುವ ಲೆಕ್ಕಪತ್ರದ ತಂತ್ರಾಂಶವನ್ನು ಕೊಂಡಾಗ ಎಂಥ ತೂಕದ ಕಲ್ಲನ್ನು ಇಟ್ಟು ನೋಡಬೇಕೆಂಬುದನ್ನು ನಮ್ಮಲ್ಲಿ ಬಹಳ ಜನ ಯೋಚಿಸುವುದಿಲ್ಲ. ಮಾರಿದವನು ಬಂದು ಗಣಕಯಂತ್ರಕ್ಕೆ ತುಂಬಿಸಿ ಹೋಗುತ್ತಾನೆ. ಮರುದಿನದಿಂದಲೇ ಬಿಲ್ಲು ಹೊರಡತೊಡಗುತ್ತದೆ. ತಂತ್ರಾಂಶ ರಚಿಸುವವರು ತಮ್ಮ ಸಾಧನವನ್ನು ಹೇಗೆ ಪರೀಕ್ಷಿಸುತ್ತಾರೆ ಮತ್ತು ಆ ಕ್ರಮವನ್ನು ಮುದ್ದೇಬಿಹಾಳ, ತಾಳಿಕೋಟಿ, ನಾಲತವಾಡದ ಅಂಗಡಿ ಹಾಗೂ ಗಿರಣಿಗಳಲ್ಲಿ ನಾವು ಹೇಗೆ ಅಳವಡಿಸಿಕೊಳ್ಳಬಹುದು ಎಂಬುದೇ ಈ ಲೇಖನದ ವಿಷಯ.

ಒಂದು ಅಡತಿ ಅಂಗಡಿಯ ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಭಾಗದ ಒಂದು ಅಡತಿ ಅಂಗಡಿಯವರು ಏಪ್ರಿಲ್ 1ರಂದು ಕಿರ್ದಿ ಖತಾವಣಿಗಳನ್ನು ಕಟ್ಟಿಟ್ಟು ಗಣಕಯಂತ್ರಕ್ಕೆ ಬದಲಾದರು. ಸುಮಾರು ಮುನ್ನೂರು ರೈತರ ಹಾಗೂ ಖರೀದಿದಾರರ ಆರಂಭಿಕ ಬಾಕಿಗಳನ್ನು ಹೊಸದಾಗಿ ಸೇರಿದ ಹುಡುಗನೊಬ್ಬ ಎರಡು ರಾತ್ರಿ ಕುಳಿತು ತುಂಬಿಸಿದ. ಕೊನೆಯಲ್ಲಿ ಪರದೆಯ ಕೆಳಗೆ 85,200 ರೂಪಾಯಿಗಳ ವ್ಯತ್ಯಾಸ ಕಂಡಿತು. ಆತ ಅನಾಮತ್ತು ಖಾತೆಯೊಂದನ್ನು ತೆರೆದು ಆ ಮೊತ್ತವನ್ನು ಅಲ್ಲಿಗೆ ಹಾಕಿದ. ವ್ಯತ್ಯಾಸ ಮಾಯವಾಯಿತು, ತಾಳೆಪಟ್ಟಿ ಸರಿಹೋಯಿತು. ಸಾಹುಕಾರರು ನನಗೆ ಫೋನ್ ಮಾಡಿ ವಿಷಯ ತಿಳಿಸಿದಾಗ, "ಇರಲಿ, ವರ್ಷದ ಕೊನೆಗೆ ನೋಡೋಣ" ಎಂದವನು ನಾನೇ.

ದೀಪಾವಳಿಗೆ ಮುನ್ನ ಒಬ್ಬ ರೈತ ಬಂದ. ಹಿಂದಿನ ಸುಗ್ಗಿಯ ತೊಗರಿಯ ಹಣ 42,600 ರೂಪಾಯಿಗಳನ್ನು ಮಗಳ ಮದುವೆಗೆಂದು ಅಂಗಡಿಯಲ್ಲಿಯೇ ಬಿಟ್ಟಿದ್ದ. ಪರದೆಯ ಪ್ರಕಾರ ಆತನೇ ಅಂಗಡಿಗೆ 42,600 ರೂಪಾಯಿ ಕೊಡಬೇಕಾಗಿತ್ತು. ಹುಡುಗ ಅದನ್ನೇ ಓದಿ ಹೇಳಿದ. ರೈತ ಸಿಟ್ಟಾಗಲಿಲ್ಲ. "ಸಾವಕಾರ್ರ, ನಾ ನಿಮಗ ಕೊಡೂದೈತೋ, ನೀವು ನನಗ ಕೊಡೂದೈತೋ, ಒಂದ್ ಸಲ ಸರಿಯಾಗಿ ನೋಡ್ರಿ" ಎಂದು ಮಡಿಚಿಟ್ಟಿದ್ದ ಪಟ್ಟಿಯನ್ನು ಜೇಬಿನಿಂದ ತೆಗೆದು ಮುಂದಿಟ್ಟ.

ಹಳೆಯ ದಿವಾಣಜಿಯವರನ್ನು ಕರೆಸಿದರು. ಅವರು 85,200ನ್ನು ಎರಡರಿಂದ ಭಾಗಿಸಿ, 42,600 ಬಾಕಿ ಇರುವ ಖಾತೆಯನ್ನು ಹಳೆಯ ಖತಾವಣಿಯಲ್ಲಿ ಹುಡುಕಿದರು. ಜಮಾ ಕಡೆಗೆ ಇರಬೇಕಾದ ಬಾಕಿ ಖರ್ಚಿನ ಕಡೆಗೆ ಬಿದ್ದಿತ್ತು. ಒಂದು ಕಡೆ 42,600 ಹೆಚ್ಚು, ಇನ್ನೊಂದು ಕಡೆ 42,600 ಕಡಿಮೆ. ಒಟ್ಟು ವ್ಯತ್ಯಾಸ ಅದರ ಇಮ್ಮಡಿ. ಹಣವನ್ನು ಅಂದೇ ಕೊಡಲಾಯಿತು, ಕ್ಷಮೆಯನ್ನೂ ಕೇಳಲಾಯಿತು. ಆದರೂ ಮುಂದಿನ ಸುಗ್ಗಿಗೆ ಆ ರೈತನ ತೊಗರಿ ಬೇರೆ ಅಂಗಡಿಗೆ ಹೋಯಿತು.

ಇಲ್ಲಿ ತಂತ್ರಾಂಶದ ತಪ್ಪೇನೂ ಇರಲಿಲ್ಲ. ಅದು ವ್ಯತ್ಯಾಸವನ್ನು ತೋರಿಸಿತ್ತು. ನಾವು ಅದನ್ನು ಮುಚ್ಚಿದೆವು.

ತಾಳೆಪಟ್ಟಿಯ ಮಿತಿ

ಜೋಡಿ ನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದನು. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವುದರಿಂದ ಎರಡೂ ಕಡೆಯ ಮೊತ್ತ ಸಮವಾಗಬೇಕು. ಸಮವಾಗದಿದ್ದರೆ ತಪ್ಪಿದೆ ಎಂದರ್ಥ. ಕೈಬರಹದ ಕಾಲದಲ್ಲಿ ಇದು ಬಲವಾದ ಪರೀಕ್ಷೆಯಾಗಿತ್ತು. ವ್ಯತ್ಯಾಸವನ್ನು ಎರಡರಿಂದ ಭಾಗಿಸಿದ ಮೊತ್ತ ಎಲ್ಲಾದರೂ ಕಂಡರೆ ಅದು ತಪ್ಪು ಬದಿಗೆ ಬಿದ್ದಿರಬಹುದು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 5,430ರ ಬದಲು 5,340 ಬರೆದರೆ ವ್ಯತ್ಯಾಸ 90. ನಮ್ಮ ಹಿರಿಯ ದಿವಾಣಜಿಗಳಿಗೆ ಈ ಸೂತ್ರಗಳು ಬಾಯಿಪಾಠವಾಗಿದ್ದವು.

ಆದರೆ ತಂತ್ರಾಂಶವು ಸಾಮಾನ್ಯ ವ್ಯವಹಾರದಲ್ಲಿ ಒಂಟಿ ನಮೂದನ್ನು ಸ್ವೀಕರಿಸುವುದೇ ಇಲ್ಲ. ಆದ್ದರಿಂದ ಅದರ ತಾಳೆಪಟ್ಟಿ ಸದಾ ತಾಳೆಯಾಗುತ್ತದೆ. ಬರೆಯದೇ ಬಿಟ್ಟ ವ್ಯವಹಾರ, ಒಬ್ಬರ ಖಾತೆಯ ಬದಲು ಇನ್ನೊಬ್ಬರ ಖಾತೆಗೆ ಹೋದ ಮೊತ್ತ, ಎರಡೂ ಕಡೆ ಒಂದೇ ರೀತಿ ತಪ್ಪಾಗಿ ಬರೆದ ಅಂಕಿ, ಯಂತ್ರ ಖರೀದಿಯನ್ನು ಖರ್ಚಿಗೆ ಹಾಕಿದ ತಪ್ಪು, ಇವಾವುವೂ ತಾಳೆಪಟ್ಟಿಯಲ್ಲಿ ಕಾಣುವುದಿಲ್ಲ. ಸಾಧನವು ತನ್ನೊಳಗೆ ತಾನು ಒಪ್ಪಿಕೊಂಡಿತೆಂದರೆ ಪರೀಕ್ಷೆ ಮುಗಿದಂತಲ್ಲ. ಪರೀಕ್ಷೆಯ ಸಾಕ್ಷಿ ಸಾಧನದ ಹೊರಗಿನಿಂದ ಬರಬೇಕು. ಮೇಲಿನ ಪ್ರಸಂಗದಲ್ಲಿ ಆ ಸಾಕ್ಷಿ ರೈತನ ಜೇಬಿನಲ್ಲಿತ್ತು.

ಬೆಂಗಳೂರಿನ ಒಂದು ಪ್ರಯೋಗ

ಸಾಧನದ ಹೊರಗಿರುವ ವ್ಯಾಪಾರಿಯ ಮಾತಿಗೆ ಕಿವಿಗೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರು ಕಾರ್ಖಾನೆಗಳಿಗೆ ಮತ್ತು ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಯಂತ್ರಗಳ ಬಿಡಿಭಾಗ ಪೂರೈಸುವ ವ್ಯಾಪಾರ ನಡೆಸುತ್ತಿದ್ದರು. ತಮ್ಮ ಲೆಕ್ಕಪತ್ರಕ್ಕೆ ಹೊಂದುವ ತಂತ್ರಾಂಶ ಪೇಟೆಯಲ್ಲಿ ದೊರೆಯದಿದ್ದಾಗ, ಗಣಿತ ಪದವೀಧರರಾದ ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ರಚಿಸಲು ಹೇಳಿದರು. 1986ರಲ್ಲಿ ಆರಂಭವಾದ ಆ ಕೆಲಸವೇ ಮುಂದೆ ಟ್ಯಾಲಿ ಎಂದು ಹೆಸರಾಯಿತು. ಮೊದಲ ಆವೃತ್ತಿ ಡಾಸ್ ವ್ಯವಸ್ಥೆಯಲ್ಲಿ ನಡೆಯುತ್ತಿದ್ದು, ಮೂಲ ಲೆಕ್ಕಪತ್ರದ ಕೆಲಸಗಳನ್ನಷ್ಟೇ ಮಾಡುತ್ತಿತ್ತು. ಅದನ್ನು ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್ ಎಂದು ಕರೆಯುತ್ತಿದ್ದರು. ಸಂಸ್ಥೆಯು 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಎಂಬ ಹೆಸರು ಪಡೆಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪುರಸ್ಕಾರ ದೊರೆಯಿತು.

ಈ ಪ್ರಯೋಗದಲ್ಲಿ ನಾವು ಗಮನಿಸಬೇಕಾದ ಹೊಸತನ ಚಿಕ್ಕದು, ಆದರೆ ಪರಿಣಾಮ ದೊಡ್ಡದು. ಆ ಕಾಲದ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಇರುತ್ತಿತ್ತು. ನಗದಿಗೆ ಒಂದು, ಬ್ಯಾಂಕಿಗೆ ಇನ್ನೊಂದು ಎಂಬಂತೆ ಸಂಖ್ಯೆಗಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ನಮೂದಿಸಬೇಕಾಗುತ್ತಿತ್ತು. ಒಂದಂಕಿ ತಪ್ಪಿದರೆ ಮೊತ್ತ ಮತ್ತೊಬ್ಬರ ಖಾತೆಗೆ ಹೋಗುತ್ತಿತ್ತು. ಸಂಖ್ಯೆ ಯಂತ್ರಕ್ಕೆ ಸುಲಭ. ವ್ಯಾಪಾರಿ ನೆನಪಿಡುವುದು ಹೆಸರನ್ನು. ಟ್ಯಾಲಿ ಆ ಸಂಕೇತಗಳನ್ನು ತೆಗೆದುಹಾಕಿ ಹೆಸರಿನಿಂದಲೇ ಖಾತೆಯನ್ನು ಆರಿಸುವ ಕ್ರಮ ತಂದಿತು. ವ್ಯಾಪಾರಿಯು ಯಂತ್ರದ ಪದ್ಧತಿಗೆ ಬಾಗುವ ಬದಲು ಯಂತ್ರವೇ ಕಿರ್ದಿಯ ಪದ್ಧತಿಗೆ ಬಾಗಿತು.

ಅಲ್ಲಿಂದ ಮುಂದೆ ಕಾನೂನು ಬದಲಾದಂತೆ ತಂತ್ರಾಂಶವೂ ಬದಲಾಯಿತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಬಂದಾಗ ಅದಕ್ಕೆ ಹೊಂದುವ ಆವೃತ್ತಿ ಬಂದಿತು. 2006ರ ಟ್ಯಾಲಿ 9ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅವಕಾಶ ದೊರೆಯಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ದೇಶದ ಎಲ್ಲ ಲೆಕ್ಕಪತ್ರ ತಂತ್ರಾಂಶಗಳೂ ಬದಲಾಗಲೇಬೇಕಾಯಿತು. ಇಂತಹ ಪ್ರತಿಯೊಂದು ಬದಲಾವಣೆಯೂ ಹೊಸ ಸೌಲಭ್ಯವನ್ನು ತರುವಂತೆ ಹೊಸ ತಪ್ಪಿಗೂ ಅವಕಾಶ ಕೊಡುತ್ತದೆ. ನೀವು ಬಳಸುವ ತಂತ್ರಾಂಶ ಯಾವುದೇ ಕಂಪನಿಯದಾಗಿರಲಿ, ಪರೀಕ್ಷೆಯ ಅಗತ್ಯ ಇರುವುದು ಇದೇ ಕಾರಣಕ್ಕೆ.

ನಾವೇ ಮಾಡಬಹುದಾದ ಪರೀಕ್ಷೆಗಳು

ತಂತ್ರಾಂಶ ರಚಿಸುವವರ ಮೊದಲ ನಿಯಮ ಇದು: ಉತ್ತರವನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಯಂತ್ರವನ್ನು ಕೇಳಬೇಕು. ಯಂತ್ರದ ಉತ್ತರ ನೋಡಿದ ಮೇಲೆ ನಮಗೂ ಅದೇ ಸರಿಯೆನಿಸುವುದು ಮನುಷ್ಯ ಸ್ವಭಾವ. ಎರಡನೆಯ ನಿಯಮ, ಪರೀಕ್ಷೆಯನ್ನು ನಿಜವಾದ ಲೆಕ್ಕದಲ್ಲಿ ಮಾಡಬಾರದು. ತಂತ್ರಾಂಶದಲ್ಲಿ "ಪ್ರಯೋಗ" ಎಂಬ ಹೆಸರಿನ ಬೇರೊಂದು ಕಂಪನಿಯನ್ನು ತೆರೆದು ಅಲ್ಲಿ ಈ ಕೆಳಗಿನ ನಮೂದುಗಳನ್ನು ಮಾಡಿರಿ. ಅಲ್ಲಿಂದ ಇ-ವೇ ಬಿಲ್ಲನ್ನಾಗಲಿ ಇ-ಇನ್‌ವಾಯ್ಸನ್ನಾಗಲಿ ಸರ್ಕಾರದ ಜಾಲಕ್ಕೆ ಕಳುಹಿಸದಂತೆ ಎಚ್ಚರ ವಹಿಸಿರಿ.

1. ಗಡಿಯ ಪರೀಕ್ಷೆ. ತಪ್ಪುಗಳು ನಡುವಿನಲ್ಲಿ ಇರುವುದಕ್ಕಿಂತ ಗಡಿಯಲ್ಲಿ ಹೆಚ್ಚು ಇರುತ್ತವೆ ಎಂಬುದು ತಂತ್ರಾಂಶ ಪರೀಕ್ಷಕರ ಅನುಭವ. ವ್ಯಾಪಾರದ ಖರ್ಚಿಗಾಗಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಆ ಖರ್ಚು ಸಲ್ಲುವುದಿಲ್ಲ. ಬೆಳೆದ ರೈತನಿಗೆ ಆತನ ಬೆಳೆಗಾಗಿ ಕೊಡುವ ಹಣಕ್ಕೆ ವಿನಾಯಿತಿ ಇದೆ. ಇನ್ನು ನಗದು ಸ್ವೀಕಾರದ ಮಿತಿ 2017ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದು 2 ಲಕ್ಷ ರೂಪಾಯಿ "ಅಥವಾ ಅದಕ್ಕಿಂತ ಹೆಚ್ಚು" ಎಂಬ ಮಾತಿನಲ್ಲಿದೆ. ಈ ಎರಡು ಗಡಿಗಳ ಭೇದವನ್ನು ಗಮನಿಸಿರಿ. 10,000 ಕೊಟ್ಟರೆ ದೋಷವಿಲ್ಲ, 10,001 ಕೊಟ್ಟರೆ ದೋಷ. ಆದರೆ 2,00,000 ಪಡೆದರೇ ದೋಷ, 1,99,999ಕ್ಕೆ ಇಲ್ಲ. ಎಚ್ಚರಿಕೆ ಕೊಡುತ್ತದೆಂದು ಹೇಳಿಕೊಳ್ಳುವ ತಂತ್ರಾಂಶಕ್ಕೆ ಈ ನಾಲ್ಕೂ ಮೊತ್ತಗಳನ್ನು ಹಾಕಿ ನೋಡಿರಿ. ಬೆಳಿಗ್ಗೆ 6,000, ಸಂಜೆ 5,000 ಎಂದು ಒಬ್ಬರಿಗೇ ಕೊಟ್ಟಾಗ ಅದು ಕೂಡಿಸಿ ನೋಡುತ್ತದೆಯೇ ಎಂಬುದನ್ನೂ ಪರೀಕ್ಷಿಸಿರಿ.

ಇ-ವೇ ಬಿಲ್ಲಿನ ಗಡಿಯೂ ಹೀಗೆಯೇ. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಅದು ಬೇಕು, ಮತ್ತು ಆ ಮೌಲ್ಯದಲ್ಲಿ ತೆರಿಗೆಯೂ ಸೇರುತ್ತದೆ. 43,000 ರೂಪಾಯಿಗಳ ಸಿಮೆಂಟಿಗೆ ಶೇ. 18ರಂತೆ 7,740 ಕೂಡಿದರೆ 50,740 ಆಗುತ್ತದೆ. ತೆರಿಗೆ ಬಿಟ್ಟು ಲೆಕ್ಕ ಹಾಕುವ ತಂತ್ರಾಂಶ ಇಲ್ಲಿ ಸುಮ್ಮನಿರುತ್ತದೆ. ದಾರಿಯಲ್ಲಿ ನಿಲ್ಲುವುದು ನಿಮ್ಮ ಗಾಡಿ.

2. ದಿನಾಂಕದ ಪರೀಕ್ಷೆ. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ಜಿಎಸ್‌ಟಿ ದರ ಬದಲಾಯಿತು. ಸಿಮೆಂಟು ಶೇ. 28ರಿಂದ 18ಕ್ಕೆ ಇಳಿಯಿತು. 300 ರೂಪಾಯಿ ಮೂಲಬೆಲೆಯ ಚೀಲಕ್ಕೆ ಸೆಪ್ಟೆಂಬರ್ 21ರ ಬಿಲ್ಲು 384, ಮರುದಿನದ ಬಿಲ್ಲು 354. ಎರಡೂ ದಿನಾಂಕಗಳನ್ನು ಹಾಕಿ ನೋಡಿರಿ. ಇನ್ನೂ ಕಠಿಣವಾದ ಪರೀಕ್ಷೆಯೆಂದರೆ, 20ರಂದು ಮಾರಿದ ಚೀಲ 25ರಂದು ಮರಳಿ ಬಂದರೆ ಅದರ ಕ್ರೆಡಿಟ್ ನೋಟು ಮೂಲ ಮಾರಾಟದ ದರವಾದ ಶೇ. 28ರಲ್ಲಿಯೇ ಇರಬೇಕು. ಸರಕಿನ ದರವನ್ನು ಅಳಿಸಿ ಹೊಸದರಿಂದ ತುಂಬಿದ್ದರೆ ಹಳೆಯ ಬಿಲ್ಲುಗಳೂ ಕೆಡುವ ಸಂಭವವಿದೆ. ದರವನ್ನು ದಿನಾಂಕದೊಂದಿಗೆ ನಮೂದಿಸುವ ವ್ಯವಸ್ಥೆ ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

3. ಪೈಸೆ ಮತ್ತು ಚೀಲದ ಪರೀಕ್ಷೆ. 333 ರೂಪಾಯಿ 30 ಪೈಸೆಗೆ ಶೇ. 5ರಂತೆ ತೆರಿಗೆ 16.665, ಅಂದರೆ 16.67. ಅದನ್ನೇ ಕೇಂದ್ರ ಮತ್ತು ರಾಜ್ಯಕ್ಕೆ ಶೇ. 2.5ರಂತೆ ಬೇರೆ ಬೇರೆ ಲೆಕ್ಕ ಹಾಕಿದರೆ ತಲಾ 8.33, ಒಟ್ಟು 16.66. ಒಂದು ಪೈಸೆಯ ಅಂತರ ಸಾವಿರ ಬಿಲ್ಲುಗಳಲ್ಲಿ ಹತ್ತು ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಆ ಹತ್ತು ರೂಪಾಯಿ ಎಲ್ಲಿಂದ ಬಂತೆಂದು ಹುಡುಕಲು ಒಂದು ದಿನ ಹೋಗುತ್ತದೆ. ನಿಮ್ಮ ತಂತ್ರಾಂಶ ಯಾವ ಕ್ರಮ ಅನುಸರಿಸುತ್ತದೆಂದು ಮೊದಲೇ ತಿಳಿದಿರಲಿ.

ಇನ್ನು ಚೀಲ. 50 ಕಿಲೋದ 37 ಚೀಲ ತೊಗರಿ ಎಂದರೆ 18.5 ಕ್ವಿಂಟಲ್. ಕ್ವಿಂಟಲಿಗೆ 8,000 ರೂಪಾಯಿಯಂತೆ 1,48,000. ಪ್ರಮಾಣದಲ್ಲಿ ದಶಮಾಂಶವನ್ನು ತೆಗೆದುಕೊಳ್ಳದಂತೆ ತಂತ್ರಾಂಶವನ್ನು ಹೊಂದಿಸಿದ್ದರೆ ಅದು 18 ಅಥವಾ 19 ಎಂದು ಬರೆಯುತ್ತದೆ. ಯಾವುದೇ ಆದರೂ 4,000 ರೂಪಾಯಿಗಳ ತಪ್ಪು.

ಬೇಳೆ ಗಿರಣಿಯವರು ಇನ್ನೊಂದನ್ನು ಸೇರಿಸಿಕೊಳ್ಳಬೇಕು. 2022ರ ಜುಲೈ 18ರಿಂದ 25 ಕಿಲೋ ಮೀರದ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಬೇಳೆಯ ಪೊಟ್ಟಣಕ್ಕೆ ಶೇ. 5ರ ತೆರಿಗೆ ಬಂದಿತು. ಬಿಡಿಯಾಗಿ ಮಾರುವ ಅದೇ ಬೇಳೆಗೆ ಇಲ್ಲ. ಒಂದೇ ಬೇಳೆಯನ್ನು ಸರಕಿನ ಪಟ್ಟಿಯಲ್ಲಿ ಎರಡು ಹೆಸರಿನಿಂದ ಇಟ್ಟಿದ್ದೀರಾ ಎಂದು ನೋಡಿರಿ.

4. ಮರುಪರೀಕ್ಷೆ. ಹೊಸ ಆವೃತ್ತಿ ಬಂದಾಗ ಹೊಸ ಸೌಲಭ್ಯವನ್ನಷ್ಟೇ ನೋಡಿ ಸುಮ್ಮನಾಗಬಾರದು. ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು ತಂತ್ರಾಂಶ ತಯಾರಕರ ನಿತ್ಯದ ಶಿಸ್ತು. ಮೇಲಿನ ನಮೂದುಗಳನ್ನು ಉತ್ತರ ಸಹಿತ ಒಂದು ವಹಿಯಲ್ಲಿ ಬರೆದಿಟ್ಟರೆ, ಪ್ರತಿ ನವೀಕರಣದ ನಂತರ ಅವುಗಳನ್ನೇ ಮತ್ತೆ ಹಾಕಿ ನೋಡಲು ಅರ್ಧ ಗಂಟೆ ಸಾಕು.

5. ಮರಳಿ ಪಡೆಯುವ ಪರೀಕ್ಷೆ. ಪ್ರತಿದಿನ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯುತ್ತೇವೆಂದು ಅನೇಕರು ಹೇಳುತ್ತಾರೆ. ಅದನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡಿದವರು ವಿರಳ. ತೆರೆದು ನೋಡದ ಬ್ಯಾಕಪ್ ಎಂದರೆ ಬೀಗದ ಕೈಯನ್ನು ಪ್ರಯತ್ನಿಸದ ತಿಜೋರಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ತಂತ್ರಾಂಶ ಬದಲಿಸುವವರು ಹಳೆಯ ವರ್ಷಗಳ ಲೆಕ್ಕವನ್ನು ಆರು ವರ್ಷಗಳ ನಂತರವೂ ತೆರೆಯಲು ಸಾಧ್ಯವೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಜೋಡಿ ಲೆಕ್ಕ ಮತ್ತು ಹೊರಗಿನ ಸಾಕ್ಷಿ

ಹಳೆಯ ಪದ್ಧತಿಯನ್ನು ಒಂದೇ ದಿನದಲ್ಲಿ ನಿಲ್ಲಿಸಬಾರದು. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು, ಎರಡನ್ನೂ ಜೊತೆಯಾಗಿ ನಡೆಸಿರಿ. ಕೆಲಸ ದುಪ್ಪಟ್ಟಾಗುತ್ತದೆ ನಿಜ. ಆದ್ದರಿಂದಲೇ ಸುಗ್ಗಿಯ ಜನವರಿ, ಫೆಬ್ರವರಿ ತಿಂಗಳುಗಳನ್ನು ಬಿಟ್ಟು ಪೇಟೆ ತಣ್ಣಗಿರುವ ಕಾಲವನ್ನು ಆರಿಸಿಕೊಳ್ಳಬೇಕು. ಪ್ರತಿ ಶನಿವಾರ ನಗದು ಶಿಲ್ಕು, ಬ್ಯಾಂಕ್ ಶಿಲ್ಕು, ಒಟ್ಟು ಉದ್ರಿ ಮತ್ತು ಸರಕಿನ ಶಿಲ್ಕು, ಈ ನಾಲ್ಕನ್ನು ಎರಡೂ ಕಡೆಯಿಂದ ತೆಗೆದು ಹೋಲಿಸಿರಿ. ವ್ಯತ್ಯಾಸ ಕಂಡರೆ ಕಾರಣ ತಿಳಿಯುವ ತನಕ ಮುಂದೆ ಹೋಗಬೇಡಿರಿ. ಅನಾಮತ್ತು ಖಾತೆ ತಾತ್ಕಾಲಿಕ ತಂಗುದಾಣ. ಅದನ್ನೇ ಮನೆ ಮಾಡಬಾರದು.

ಎರಡು ಲೆಕ್ಕಗಳೂ ಒಂದೇ ತಪ್ಪನ್ನು ಮಾಡಬಹುದಾದ್ದರಿಂದ ಹೊರಗಿನ ಸಾಕ್ಷಿಗಳನ್ನೂ ಕೇಳಬೇಕು. ಬ್ಯಾಂಕಿನ ಸ್ಟೇಟ್‌ಮೆಂಟ್ ಮೊದಲನೆಯದು. ಗೋದಾಮಿನಲ್ಲಿ ಎಣಿಸಿದ ಚೀಲ ಎರಡನೆಯದು. ಖರೀದಿ ವಹಿಯನ್ನು ತಿಂಗಳು ತಿಂಗಳೂ ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಹೋಲಿಸುವುದು ಮೂರನೆಯದು. 2022ರ ಜನವರಿ 1ರಿಂದ ಮಾರಿದವನು ತನ್ನ ವಿವರಣೆಯಲ್ಲಿ ತೋರಿಸಿ ಅದು ನಮ್ಮ ಪಟ್ಟಿಯಲ್ಲಿ ಬರದ ಹೊರತು ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ನಾಲ್ಕನೆಯದು ಮತ್ತು ನಮ್ಮಲ್ಲಿ ಅತ್ಯಂತ ನಿರ್ಲಕ್ಷಿತವಾದದ್ದು, ಖಾತೆದಾರರಿಂದ ಪಡೆಯುವ ಬಾಕಿ ದೃಢೀಕರಣ. ಆರಂಭಿಕ ಬಾಕಿ ತುಂಬಿದ ವಾರದಲ್ಲಿಯೇ ಪ್ರತಿಯೊಬ್ಬ ರೈತನಿಗೂ ಒಂದು ಚೀಟಿ ಕೊಟ್ಟು ಓದಿ ಹೇಳಿದ್ದರೆ ಮೇಲೆ ಹೇಳಿದ ಪ್ರಸಂಗ ನಡೆಯುತ್ತಲೇ ಇರಲಿಲ್ಲ.

ಅಳಿಸದ ಲೆಕ್ಕ

ಹಿಂದೆ ಕಿರ್ದಿಯಲ್ಲಿ ತಪ್ಪಾದರೆ ಕೆರೆದು ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು ಮೇಲೆ ಸರಿಯಾದುದನ್ನು ಬರೆದು ಸಹಿ ಮಾಡಬೇಕಿತ್ತು. ತಂತ್ರಾಂಶ ರಚಿಸುವವರೂ ಇದೇ ನಿಯಮ ಪಾಲಿಸುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಸಾಧನ, ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬುದನ್ನು ದಾಖಲಿಸಿಡುತ್ತದೆ. ನಮ್ಮ ಕಾನೂನು ಕೂಡ ಅದೇ ದಾರಿಗೆ ಬಂದಿದೆ. 2023ರ ಏಪ್ರಿಲ್ 1ರಿಂದ, ಲೆಕ್ಕಪತ್ರಕ್ಕೆ ತಂತ್ರಾಂಶ ಬಳಸುವ ಪ್ರತಿಯೊಂದು ಕಂಪನಿಯೂ ತಿದ್ದುಪಡಿಗಳ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕು ಮತ್ತು ಆ ವ್ಯವಸ್ಥೆಯನ್ನು ನಿಲ್ಲಿಸುವಂತಿರಬಾರದು. ಪ್ರೈವೇಟ್ ಲಿಮಿಟೆಡ್ ಆಗಿರುವ ಸಣ್ಣ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆ. ಮಾಲೀಕತ್ವದ ಹಾಗೂ ಪಾಲುದಾರಿಕೆಯ ಅಂಗಡಿಗಳಿಗೆ ಈ ನಿಯಮ ಇಲ್ಲವಾದರೂ ಸೌಲಭ್ಯ ಇದ್ದರೆ ಬಳಸುವುದು ಲೇಸು. ಪ್ರಯೋಗದ ಕಂಪನಿಯಲ್ಲಿ ಒಂದು ಬಿಲ್ಲಿನ ಮೊತ್ತವನ್ನು ತಿದ್ದಿ, ಹಳೆಯ ಮೊತ್ತ ಎಲ್ಲಿಯಾದರೂ ಉಳಿದಿದೆಯೇ ಎಂದು ಹುಡುಕಿ ನೋಡಿರಿ.

ಹೊಸತನಕ್ಕೆ ಹೆದರಬೇಕಾಗಿಲ್ಲ

ಇಷ್ಟೆಲ್ಲ ಓದಿದ ಮೇಲೆ ಹಳೆಯ ಕಿರ್ದಿಯೇ ವಾಸಿ ಎಂದು ಯಾರೂ ತಿಳಿಯಬಾರದು. ಪರೀಕ್ಷೆ ಇರುವುದು ಹೊಸತನ್ನು ತಡೆಯುವುದಕ್ಕಲ್ಲ, ಧೈರ್ಯವಾಗಿ ತರುವುದಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಬಾರ್‌ಕೋಡ್ ತರುವುದಾದರೆ ಮೊದಲು ಒಂದು ಕಪಾಟಿಗೆ ತನ್ನಿರಿ. ಮೊಬೈಲ್ ಮೂಲಕ ಹಣ ಪಡೆಯುವ ಕ್ಯೂಆರ್ ಚೀಟಿಯನ್ನು ಎರಡು ಗಲ್ಲೆಗಳಿಗೆ ಬೇರೆ ಬೇರೆ ಇಟ್ಟರೆ ಸಂಜೆ ಯಾವ ಗಲ್ಲೆಯ ಹಣ ಬ್ಯಾಂಕಿನೊಂದಿಗೆ ಹೊಂದುತ್ತಿಲ್ಲವೆಂದು ಕೂಡಲೇ ತಿಳಿಯುತ್ತದೆ. ಒಂದು ತಿಂಗಳ ಫಲಿತಾಂಶವನ್ನು ಬರೆದಿಡಿರಿ: ಎಷ್ಟು ಸಮಯ ಉಳಿಯಿತು, ಎಷ್ಟು ತಪ್ಪುಗಳಾದವು, ಗಿರಾಕಿ ಏನೆಂದರು. ಸರಿಬರದಿದ್ದರೆ ಹಿಂದಕ್ಕೆ ಹೋಗುವ ದಾರಿ ತೆರೆದಿರಲಿ.

ಈಗ ಗುಮಾಸ್ತರನ್ನು ನೇಮಿಸುವಾಗ ಪ್ರತಿಯೊಬ್ಬರೂ ಕೇಳುವ ಮೊದಲ ಪ್ರಶ್ನೆ "ಟ್ಯಾಲಿ ಬರುತ್ತದೆಯೇ?" ಎಂಬುದು. ಅದರ ಜೊತೆಗೆ ಇನ್ನೊಂದನ್ನೂ ಕೇಳಿರಿ: "ವ್ಯತ್ಯಾಸ ಬಂದರೆ ಏನು ಮಾಡುತ್ತೀಯಪ್ಪಾ?" ಹುಡುಕುತ್ತೇನೆ ಎಂದವನನ್ನು ಇಟ್ಟುಕೊಳ್ಳಿರಿ. ಬರುವ ಏಪ್ರಿಲ್‌ನಲ್ಲಿ ಹೊಸ ತಂತ್ರಾಂಶಕ್ಕೆ ಬದಲಾಗುವ ಯೋಚನೆಯಿರುವ ಸದಸ್ಯರು ಇಂದಿನಿಂದಲೇ ಒಂದು ನೂರು ಪುಟದ ವಹಿಯನ್ನು ಪರೀಕ್ಷೆಗಾಗಿ ತೆಗೆದಿಟ್ಟು, ಮೇಲಿನ ನಮೂದುಗಳನ್ನೂ ಅವುಗಳ ಉತ್ತರಗಳನ್ನೂ ಕೈಯಿಂದಲೇ ಬರೆದುಕೊಳ್ಳಬೇಕೆಂದು ವಿನಂತಿ. ಆ ವಹಿಯೇ ನಿಮ್ಮ ತಂತ್ರಾಂಶದ ತೂಕದ ಕಲ್ಲು.